ಹಳೆಯ ಕಾರಿನ ಆಯಿಲ್ ಫಿಲ್ಟರ್ ಅಡಾಪ್ಟರ್ ಸಡಿಲವಾದಾಗ: ಬಿಚ್ಚಿ, ಪರೀಕ್ಷಿಸಿ, ಭದ್ರಪಡಿಸುವ ಬಗೆ

ಹಳೆಯ ಕಾರಿನ ಕೆಳಗೆ ಮಲಗಿ ಆಯಿಲ್ ಫಿಲ್ಟರನ್ನು ಬಿಚ್ಚುತ್ತಿದ್ದೀರಿ. ಮೊದಲಿಗೆ ಸತಾಯಿಸಿತು, ಆಮೇಲೆ ಸಲೀಸಾಗಿ ತಿರುಗಿತು, ಕೊನೆಗೆ ಕೈಗೆ ಬಂತು. ನೋಡಿದರೆ ಫಿಲ್ಟರಿನ ಬಾಯಲ್ಲಿ ಒಂದು ಟೊಳ್ಳು ಉಕ್ಕಿನ ತುಂಡು ಸಿಕ್ಕಿಕೊಂಡಿದೆ. ಎಂಜಿನ್ ಬ್ಲಾಕಿನಲ್ಲಿ ಅದು ಇರಬೇಕಾದ ಜಾಗದಲ್ಲಿ ಬರಿಯ ತೂತು. ಆ ತುಂಡೇ ಅಡಾಪ್ಟರ್. ಅದು ಫಿಲ್ಟರಿಗೆ ಸೇರಿದ್ದಲ್ಲ, ಎಂಜಿನ್ನಿಗೆ ಸೇರಿದ್ದು. ಅದು ಅಲ್ಲಾಡದೆ ಬ್ಲಾಕಿನಲ್ಲಿಯೇ ಉಳಿಯಬೇಕಿತ್ತು.

ಮೊದಲ ಸಲ ಹೀಗಾದಾಗ ನಾನು ಅದನ್ನು ದೊಡ್ಡ ವಿಷಯವೆಂದು ಎಣಿಸಲಿಲ್ಲ. ಆ ತುಂಡನ್ನು ಹೊಸ ಫಿಲ್ಟರಿಗೆ ತಿರುಗಿಸಿ, ಎರಡನ್ನೂ ಒಟ್ಟಿಗೇ ಬ್ಲಾಕಿಗೆ ಹಾಕಿ, ಕೈಯಿಂದ ಬಿಗಿದೆ. ಒಂದು ಹನಿಯೂ ಸೋರಲಿಲ್ಲ. ಕೆಲವು ವಾರಗಳ ನಂತರ, ಚಳಿ ಹಿಡಿದ ಒಂದು ಬೆಳಗ್ಗೆ ಎಂಜಿನ್ ಹೊತ್ತಿಸಿದೆ. ಎಣ್ಣೆ ಒತ್ತಡದ ಮುಳ್ಳು ಮೇಲೇರಿತು, ತಡೆಯಿತು, ಮತ್ತೆ ಕೆಳಗೆ ಜಾರತೊಡಗಿತು. ತಕ್ಷಣ ಎಂಜಿನ್ ನಿಲ್ಲಿಸಿ ಬಗ್ಗಿ ನೋಡಿದರೆ ನೆಲದ ಮೇಲೆ ಎರಡು ಅಂಗೈಯಗಲ ಎಣ್ಣೆ ಹರಡಿತ್ತು. ಇನ್ನೊಂದು ನಿಮಿಷ ಓಡಿಸಿದ್ದರೆ ಬೇರಿಂಗುಗಳು ಹೋಗುತ್ತಿದ್ದವು. ಅಂದಿನಿಂದ ಯಾವ ಹಳೆಯ ಕಾರಿನ ಫಿಲ್ಟರ್ ಬಿಚ್ಚಿದರೂ ನಾನು ಮೊದಲು ಕೈಯಿಟ್ಟು ಅಲ್ಲಾಡಿಸಿ ನೋಡುವುದು ಅಡಾಪ್ಟರನ್ನು.

ಈ ಕೆಲಸದಲ್ಲಿ ಬಿಗಿಯುವುದು ಕೊನೆಯ ಹತ್ತು ನಿಮಿಷದ ಮಾತು. ಅದು ಏಕೆ ಸಡಿಲವಾಯಿತು ಎಂದು ಪತ್ತೆ ಹಚ್ಚುವುದು ಮತ್ತು ಎಂಜಿನ್ನಿನೊಳಗೆ ಒಂದು ಕಣ ಕಸವೂ ಹೋಗದಂತೆ ಸ್ವಚ್ಛಗೊಳಿಸುವುದು, ಇವೆರಡೇ ನಿಜವಾದ ಕೆಲಸ.

ನಿಮ್ಮ ಎಂಜಿನ್ನಿನಲ್ಲಿರುವುದು ಯಾವ ಬಗೆ?

ತಿರುಗಿಸಿ ಕೂರಿಸುವ ಡಬ್ಬಿಯಂತಹ ಫಿಲ್ಟರ್ ಬಳಕೆಗೆ ಬಂದದ್ದು 1950ರ ದಶಕದ ನಡುವಿನಲ್ಲಿ. ಅದಕ್ಕೂ ಮೊದಲು ಉಕ್ಕಿನ ಪಾತ್ರೆಯೊಳಗೆ ಬರಿಯ ಕಾಗದದ ಅಥವಾ ಬಟ್ಟೆಯ ಸುರುಳಿಯನ್ನಿಟ್ಟು, ನಡುವೆ ಒಂದು ಉದ್ದನೆಯ ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ಹಳೆಯ ಬಗೆಯಿಂದ ಹೊಸ ಬಗೆಗೆ ಎಲ್ಲ ತಯಾರಕರೂ ಒಟ್ಟಿಗೆ ಬರಲಿಲ್ಲ. ಷೆವರ್ಲೆಯ ಸಣ್ಣ ವಿ8 ಎಂಜಿನ್ ಡಬ್ಬಿ ಫಿಲ್ಟರಿಗೆ ಬದಲಾದದ್ದು 1968ರ ಮಾದರಿಗಳಲ್ಲಿ. ಹೀಗಾಗಿ ಕ್ಲಾಸಿಕ್ ಕಾರುಗಳಲ್ಲಿ ಮೂಲದಿಂದಲೇ ಬಂದ ಅಡಾಪ್ಟರುಗಳೂ ಸಿಗುತ್ತವೆ, ಯಾರೋ ಆಮೇಲೆ ಜೋಡಿಸಿದವೂ ಸಿಗುತ್ತವೆ.

ನಮ್ಮ ಕೆಲಸಕ್ಕೆ ಮೂರು ಬಗೆಗಳನ್ನು ಗುರುತಿಸಿಕೊಂಡರೆ ಸಾಕು. ಮೊದಲನೆಯದು ನಿಪ್ಪಲ್: ಎರಡೂ ತುದಿಗೆ ಥ್ರೆಡ್ ಇರುವ ಟೊಳ್ಳು ಕೊಳವೆ, ಒಂದು ತುದಿ ಬ್ಲಾಕಿನೊಳಗೆ, ಇನ್ನೊಂದು ಫಿಲ್ಟರಿನೊಳಗೆ. ಫೋರ್ಡಿನ 289 ಮತ್ತು 302 ವಿ8 ಎಂಜಿನ್ನುಗಳಲ್ಲಿ ಇರುವುದು ಇದೇ. ಎರಡನೆಯದು ಬೋಲ್ಟ್ ಹಾಕಿ ಬ್ಲಾಕಿಗೆ ಕೂರಿಸುವ ಎರಕದ ತಟ್ಟೆ; ಅದರ ಕೆಳಗೊಂದು ಗ್ಯಾಸ್ಕೆಟ್, ಹಲವು ಸಲ ತಟ್ಟೆಯೊಳಗೇ ಒಂದು ಬೈಪಾಸ್ ವಾಲ್ವ್, ಅಂದರೆ ಫಿಲ್ಟರ್ ಕಟ್ಟಿಕೊಂಡಾಗ ಎಣ್ಣೆಗೆ ಬೇರೆ ದಾರಿ ಬಿಡುವ ಕವಾಟ. ಮೂರನೆಯದು ಬ್ಲಾಕಿಗೂ ಫಿಲ್ಟರಿಗೂ ನಡುವೆ ತೂರಿಸುವ ಸ್ಯಾಂಡ್‌ವಿಚ್ ಪ್ಲೇಟ್. ಆಯಿಲ್ ಕೂಲರಿಗೆ ಅಥವಾ ಹೆಚ್ಚುವರಿ ಮೀಟರುಗಳಿಗೆ ಎಣ್ಣೆ ಕೊಡಲು ಇದನ್ನು ಹಾಕುತ್ತಾರೆ. ಸಡಿಲವಾಗುವ ತೊಂದರೆ ಹೆಚ್ಚಾಗಿ ಕಾಣುವುದು ನಿಪ್ಪಲಿನಲ್ಲಿ, ಆದ್ದರಿಂದ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಈ ಪುಟ್ಟ ಕೊಳವೆ ಹೊರುವ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಫಿಲ್ಟರಿನ ರಬ್ಬರ್ ಗ್ಯಾಸ್ಕೆಟ್ಟಿನ ವ್ಯಾಸ 70 ಮಿ.ಮೀ. ಎಂದುಕೊಳ್ಳೋಣ. ಅದರೊಳಗಿನ ಕ್ಷೇತ್ರಫಲ ಸುಮಾರು 38 ಚದರ ಸೆಂ.ಮೀ. ಎಣ್ಣೆಯ ಒತ್ತಡ 4 ಬಾರ್ ಇದ್ದರೆ ಫಿಲ್ಟರನ್ನು ಬ್ಲಾಕಿನಿಂದ ದೂರ ತಳ್ಳುವ ಬಲ ಸುಮಾರು 150 ಕಿಲೋ ತೂಕಕ್ಕೆ ಸಮ. ತಣ್ಣಗಿರುವ ಎಂಜಿನ್ ಹೊತ್ತಿಸಿದಾಗ ದಪ್ಪಗಾದ ಎಣ್ಣೆಯಿಂದ ಒತ್ತಡ 6 ಬಾರ್ ಮುಟ್ಟಿದರೆ ಅದು 230 ಕಿಲೋ ದಾಟುತ್ತದೆ. ಇಷ್ಟನ್ನೂ ತಡೆದು ನಿಲ್ಲುವುದು ಹೆಬ್ಬೆರಳಿನಷ್ಟು ದಪ್ಪದ ಆ ಕೊಳವೆಯ ಕೆಲವು ಸುತ್ತು ಥ್ರೆಡ್ ಮಾತ್ರ. ನನ್ನ ಕಾರು ಚಳಿಯ ಬೆಳಗ್ಗೆಯೇ ಏಕೆ ಕೈಕೊಟ್ಟಿತು ಎಂಬುದಕ್ಕೆ ಉತ್ತರ ಇಲ್ಲಿದೆ.

ನಡುವಿನ ತೂತಿನ ಬಗ್ಗೆ ಎಚ್ಚರ

ಕೈ ಹಾಕುವ ಮೊದಲು ಎಣ್ಣೆಯ ದಾರಿ ಮನಸ್ಸಿನಲ್ಲಿ ಸ್ಪಷ್ಟವಾಗಿರಲಿ. ಪಂಪಿನಿಂದ ಬರುವ ಎಣ್ಣೆ ಫಿಲ್ಟರಿನ ಅಂಚಿನ ಸಣ್ಣ ತೂತುಗಳಿಂದ ಒಳಗೆ ಹೋಗುತ್ತದೆ. ಕಾಗದದ ಮಡಿಕೆಗಳನ್ನು ಹೊರಗಿನಿಂದ ಒಳಗೆ ದಾಟುತ್ತದೆ. ಶುದ್ಧವಾದ ಎಣ್ಣೆ ನಡುವಿನ ಕೊಳವೆಯಿಂದ, ಅಂದರೆ ನಮ್ಮ ನಿಪ್ಪಲಿನ ಮೂಲಕ, ಎಂಜಿನ್ನಿನ ಮುಖ್ಯ ಎಣ್ಣೆ ಕಾಲುವೆಗೆ ಹೋಗುತ್ತದೆ. ಅಲ್ಲಿಂದ ನೇರವಾಗಿ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳಿಗೆ.

ಅಂದಮೇಲೆ ಆ ನಡುವಿನ ತೂತಿಗೆ ಬಿದ್ದ ಲೋಹದ ಹುಡಿಯಾಗಲಿ, ಬಟ್ಟೆಯ ಎಳೆಯಾಗಲಿ, ಒಣಗಿದ ಅಂಟಿನ ಚೂರಾಗಲಿ ಯಾವ ಫಿಲ್ಟರಿಗೂ ಸಿಗುವುದಿಲ್ಲ. ಇಲ್ಲಿ ಪಿಟಿಎಫ್‌ಇ ಟೇಪ್ ಸುತ್ತಬಾರದು, ಸಿಲಿಕೋನ್ ಬಳಿಯಬಾರದು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ನೀರಿನ ನಲ್ಲಿಗೆ ಸುತ್ತುವ ಆ ಬಿಳಿ ಟೇಪಿನ ಒಂದು ಎಳೆ ಹರಿದು ಒಳಗೆ ಹೋದರೆ ಎಣ್ಣೆಯ ಕಿರಿದಾದ ದಾರಿಯೊಂದನ್ನು ಮುಚ್ಚಲು ಅಷ್ಟು ಸಾಕು.

ಸೋರಿಕೆ ಅಲ್ಲಿಂದಲೇ ಎಂದು ಖಚಿತಪಡಿಸಿಕೊಳ್ಳಿ

ನಿಪ್ಪಲ್ ಫಿಲ್ಟರಿನ ಜೊತೆಗೇ ಹೊರಬಂದಿದ್ದರೆ ಈ ಹಂತ ಬೇಡ. ಫಿಲ್ಟರಿನ ಸುತ್ತ ಎಣ್ಣೆ ಕಾಣಿಸುತ್ತಿದೆ, ಅಷ್ಟೇ ಗೊತ್ತು ಎನ್ನುವವರು ಮಾತ್ರ ಸ್ವಲ್ಪ ತಾಳ್ಮೆ ವಹಿಸಬೇಕು. ಎಣ್ಣೆ ಕೆಳಗೆ ಹರಿಯುತ್ತದೆ, ಓಡುವ ಕಾರಿನಲ್ಲಿ ಗಾಳಿಯ ಹೊಡೆತಕ್ಕೆ ಹಿಂದಕ್ಕೂ ಸರಿಯುತ್ತದೆ. ಮೇಲಿರುವ ವಾಲ್ವ್ ಕವರ್ ಗ್ಯಾಸ್ಕೆಟ್, ಎಣ್ಣೆ ಒತ್ತಡದ ಸೆಂಡರ್, ಫ್ಯುಯೆಲ್ ಪಂಪಿನ ಗ್ಯಾಸ್ಕೆಟ್ ಇವುಗಳಲ್ಲಿ ಯಾವುದು ಒಸರಿದರೂ ಅಪವಾದ ಫಿಲ್ಟರಿನ ತಲೆಗೇ ಬರುತ್ತದೆ.

ಆ ಭಾಗವನ್ನೆಲ್ಲ ಡಿಗ್ರೀಸರ್ ಹಾಕಿ ತೊಳೆದು ಒಣಗಿಸಿ. ಫಿಲ್ಟರ್ ಮತ್ತು ಬ್ಲಾಕ್ ಸೇರುವ ಕಡೆ ಮುಖಕ್ಕೆ ಹಚ್ಚುವ ಟಾಲ್ಕಮ್ ಪೌಡರನ್ನು ತೆಳುವಾಗಿ ಉದುರಿಸಿ. ಎಂಜಿನ್ ಹೊತ್ತಿಸಿ, ಬೆಲ್ಟು ಮತ್ತು ಫ್ಯಾನಿನಿಂದ ಕೈ ದೂರವಿಟ್ಟುಕೊಂಡು ಟಾರ್ಚ್ ಹಿಡಿದು ನೋಡಿ. ಬಿಳಿಯ ಪುಡಿಯ ಮೇಲೆ ಎಣ್ಣೆ ಕಂದು ಗೆರೆ ಎಳೆಯುತ್ತದೆ. ಎಲ್ಲಕ್ಕಿಂತ ಮೇಲಿರುವ ಒದ್ದೆ ಜಾಗವೇ ಮೂಲ. ಗೆರೆ ಫಿಲ್ಟರಿನ ಅಂಚಿನಿಂದ ಶುರುವಾದರೆ ಫಿಲ್ಟರ್ ಗ್ಯಾಸ್ಕೆಟ್ಟನ್ನೂ ಸಡಿಲ ನಿಪ್ಪಲನ್ನೂ ಶಂಕಿಸಿ. ತಟ್ಟೆ ಮತ್ತು ಬ್ಲಾಕಿನ ನಡುವಿನಿಂದ ಶುರುವಾದರೆ ಅಡಾಪ್ಟರಿನ ಗ್ಯಾಸ್ಕೆಟ್ ಅಥವಾ ಬೋಲ್ಟ್.

ಬಿಚ್ಚುವುದು

ಎಂಜಿನ್ ಆರಿರಲಿ. ಉಗುರು ಬೆಚ್ಚಗಿದ್ದರೆ ಒಳ್ಳೆಯದೇ, ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ಭದ್ರ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಬರಿಯ ಜಾಕ್ ನಂಬಿ ಕೆಳಗೆ ಮಲಗಬೇಡಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಡಿ. ಹಲವು ಹಳೆಯ ಎಂಜಿನ್ನುಗಳಲ್ಲಿ ಸ್ಟಾರ್ಟರ್ ಮೋಟರಿನ ದಪ್ಪ ತಂತಿ ಫಿಲ್ಟರಿನ ಪಕ್ಕದಲ್ಲೇ ಇರುತ್ತದೆ. ಸ್ಪ್ಯಾನರ್ ಅದಕ್ಕೂ ಬ್ಲಾಕಿಗೂ ಒಟ್ಟಿಗೆ ತಗುಲಿದರೆ ಕಿಡಿ ಹಾರುತ್ತದೆ, ಕೆಳಗೆ ಎಣ್ಣೆಯ ತಟ್ಟೆ ಇರುತ್ತದೆ. ಬಳಸಿದ ಎಣ್ಣೆ ಚರ್ಮಕ್ಕೆ ಒಳ್ಳೆಯದಲ್ಲ, ನೈಟ್ರೈಲ್ ಕೈಗವಸು ಹಾಕಿಕೊಳ್ಳಿ.

ಎಣ್ಣೆಯನ್ನು ಬಸಿದು, ಫಿಲ್ಟರನ್ನು ನಿಧಾನವಾಗಿ ತಿರುಗಿಸಿ. ನಿಪ್ಪಲ್ ಬ್ಲಾಕಿನಲ್ಲೇ ಉಳಿದರೆ ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಲು ನೋಡಿ, ಅಕ್ಕಪಕ್ಕಕ್ಕೆ ಅಲ್ಲಾಡಿಸಿ. ಬೆರಳಿಗೆ ತಿರುಗಿದರೆ ಅದು ಸಡಿಲ. ತಿರುಗದೆ ಬರಿದೇ ಅಲ್ಲಾಡಿದರೆ ಬ್ಲಾಕಿನ ಥ್ರೆಡ್ ಸವೆದಿರಬಹುದು, ಅದು ಇನ್ನೂ ಗಂಭೀರ.

ನಿಪ್ಪಲನ್ನು ತೆಗೆಯುವ ಮೊದಲು ಅದು ಬ್ಲಾಕಿನ ಮಟ್ಟದಿಂದ ಎಷ್ಟು ಹೊರಗೆ ಚಾಚಿದೆ ಎಂದು ವರ್ನಿಯರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಜೊತೆಗೆ ಒಂದು ಫೋಟೋ ಇರಲಿ.

ತೆಗೆಯುವಾಗ ಥ್ರೆಡ್ಡನ್ನು ಇಕ್ಕಳದಿಂದ ಕಚ್ಚಿ ಹಿಡಿಯುವುದು ದೊಡ್ಡ ತಪ್ಪು. ಕೆಲವು ನಿಪ್ಪಲುಗಳ ಒಳಗೆ ಅಲೆನ್ ಕೀ ಕೂರುವ ಆರು ಮೂಲೆಯ ಆಕಾರ ಇರುತ್ತದೆ. ಇದ್ದರೆ ಕೆಲಸ ಹಗುರ. ಇಲ್ಲದಿದ್ದರೆ ಅದೇ ಥ್ರೆಡ್ಡಿನ ಎರಡು ತೆಳು ನಟ್ಟುಗಳನ್ನು ಹೊರತುದಿಗೆ ತಿರುಗಿಸಿ, ಒಂದಕ್ಕೊಂದು ಒತ್ತುವಂತೆ ಎರಡು ಸ್ಪ್ಯಾನರಿನಿಂದ ಬಿಗಿಯಿರಿ. ಈಗ ಅವೆರಡೂ ನಿಪ್ಪಲಿಗೆ ಬೆಸೆದಂತೆ ನಿಲ್ಲುತ್ತವೆ. ಬಿಚ್ಚಬೇಕಾದಾಗ ಬ್ಲಾಕಿನ ಕಡೆಯ ನಟ್ಟನ್ನು ತಿರುಗಿಸಿ, ಬಿಗಿಯಬೇಕಾದಾಗ ಹೊರಗಿನ ನಟ್ಟನ್ನು. ನಿಪ್ಪಲ್ ಹಳೆಯ ಫಿಲ್ಟರಿನಲ್ಲಿ ಸಿಕ್ಕಿಕೊಂಡು ಬಂದಿದ್ದರೂ ಉಪಾಯ ಇದೇ: ಅದರ ಬ್ಲಾಕ್ ಕಡೆಯ ತುದಿಗೆ ಎರಡು ನಟ್ ಹಾಕಿ, ಅವುಗಳನ್ನು ವೈಸಿನಲ್ಲಿ ಹಿಡಿದು ಫಿಲ್ಟರನ್ನು ತಿರುಗಿಸಿ.

ಏಕೆ ಸಡಿಲವಾಯಿತು?

ಹೆಚ್ಚಿನ ಸಲ ಕಾರಣ ಸರಳ. ಹಿಂದೆ ಯಾರೋ ಗ್ಯಾಸ್ಕೆಟ್ಟಿಗೆ ಎಣ್ಣೆ ಸವರದೆ, ಸ್ಪ್ಯಾನರ್ ಹಾಕಿ ಫಿಲ್ಟರನ್ನು ಅತಿಯಾಗಿ ಬಿಗಿದಿರುತ್ತಾರೆ. ಒಣ ರಬ್ಬರ್ ಬಿಸಿಗೆ ಲೋಹಕ್ಕೆ ಅಂಟಿಕೊಳ್ಳುತ್ತದೆ. ಬಿಚ್ಚುವಾಗ ಫಿಲ್ಟರಿನ ಹಿಡಿತ ನಿಪ್ಪಲಿನ ಹಿಡಿತಕ್ಕಿಂತ ಹೆಚ್ಚಾಗಿ, ಬಿಡಬಾರದ ಕಡೆ ಬಿಗಿ ಬಿಡುತ್ತದೆ. ಒಮ್ಮೆ ಹೀಗಾದ ನಿಪ್ಪಲ್ ಮುಂದಿನ ಸಲವೂ ಹಾಗೆಯೇ ಬರುತ್ತದೆ, ಏಕೆಂದರೆ ಅದರ ಥ್ರೆಡ್ಡಿನಲ್ಲಿ ಈಗ ಎಣ್ಣೆ ಸೇರಿದೆ.

ನಿಪ್ಪಲನ್ನು ತೊಳೆದು ಬೆಳಕಿನಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಥ್ರೆಡ್ಡಿನ ತುದಿಗಳು ಚೂಪಾಗಿ, ಒಂದೇ ಎತ್ತರದಲ್ಲಿ ಇರಬೇಕು. ಒಂದು ಬದಿಯಲ್ಲಿ ಮಾತ್ರ ಹೊಳೆಯುತ್ತಿದ್ದರೆ ಅದು ಅಲ್ಲಾಡುತ್ತಾ ಸವೆದಿದೆ. ತುದಿಗಳು ಬಾಗಿದ್ದರೆ, ಇಕ್ಕಳದ ಹಲ್ಲಿನ ಗುರುತಿದ್ದರೆ, ಕೂದಲೆಳೆಯಂತಹ ಬಿರುಕಿದ್ದರೆ ಹೊಸದು ತನ್ನಿ. ಇಂತಹ ನಿಪ್ಪಲನ್ನು ಅಂಟು ಹಾಕಿ ಉಳಿಸಲು ನಾನು ಯಾರಿಗೂ ಹೇಳುವುದಿಲ್ಲ. ಇಡೀ ಎಂಜಿನ್ನಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಇನ್ನೊಂದು ಕಾರಣ ಕಣ್ಣಿಗೆ ಕಾಣದೆ ಮೋಸ ಮಾಡುತ್ತದೆ: ಅಳತೆ ತಪ್ಪಿದ ಥ್ರೆಡ್. ಅಮೆರಿಕದ ಮತ್ತು ಬ್ರಿಟನ್ನಿನ ಹಲವು ಎಂಜಿನ್ನುಗಳಲ್ಲಿ ಮುಕ್ಕಾಲು ಅಂಗುಲ ವ್ಯಾಸದ, ಅಂಗುಲಕ್ಕೆ 16 ಸುತ್ತಿನ ಥ್ರೆಡ್ ಇರುತ್ತದೆ. ವ್ಯಾಸ 19.05 ಮಿ.ಮೀ., ಸುತ್ತಿನಿಂದ ಸುತ್ತಿಗೆ 1.59 ಮಿ.ಮೀ. ಮೆಟ್ರಿಕ್ ಅಳತೆಯಲ್ಲಿ ಎಂ20, 1.5 ಪಿಚ್ ಬಹಳ ಸಾಮಾನ್ಯ: ವ್ಯಾಸ 20 ಮಿ.ಮೀ., ಸುತ್ತಿಗೆ 1.5 ಮಿ.ಮೀ. ಎರಡೂ ಎಷ್ಟು ಹತ್ತಿರ ನೋಡಿ. ಎಂ20 ಫಿಲ್ಟರ್ ಮುಕ್ಕಾಲು ಅಂಗುಲದ ನಿಪ್ಪಲಿನ ಮೇಲೆ ಸಲೀಸಾಗಿ ಏರುತ್ತದೆ, ಗ್ಯಾಸ್ಕೆಟ್ ತಗುಲುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ. ಆದರೆ ಥ್ರೆಡ್ಡಿನ ಅಂಚು ಅಂಚಿಗಷ್ಟೇ ತಾಗಿ ನಿಂತಿರುತ್ತದೆ. ಮೇಲೆ ಲೆಕ್ಕ ಹಾಕಿದ ಆ 150 ಕಿಲೋ ಬಲ ಬಂದಾಗ ಜಾರಿ ಹೋಗುತ್ತದೆ. ಹಳೆಯ ಕಾರಿಗೆ ಯಾರೋ ನಿಪ್ಪಲ್ ಬದಲಿಸಿದ್ದಾರೆ ಎಂಬ ಅನುಮಾನ ಬಂದರೆ ವರ್ನಿಯರಿನಿಂದ ವ್ಯಾಸ ಅಳೆಯಿರಿ, ಪಿಚ್ ಗೇಜಿನಿಂದ ಸುತ್ತು ನೋಡಿ. ಗೇಜಿನ ಹಲ್ಲು ಥ್ರೆಡ್ಡಿನಲ್ಲಿ ಕೂತಾಗ ಹಿಂದಿನಿಂದ ಬೆಳಕು ನುಸುಳಬಾರದು.

ಬ್ಲಾಕಿನ ತೂತನ್ನು ಸ್ವಚ್ಛಗೊಳಿಸುವುದು

ಒಂದು ಸಣ್ಣ, ಎಳೆ ಬಿಡದ ಬಟ್ಟೆಯನ್ನು ಗಟ್ಟಿಯಾಗಿ ಸುತ್ತಿ, ಅದಕ್ಕೆ ಉದ್ದನೆಯ ದಾರ ಕಟ್ಟಿ, ಥ್ರೆಡ್ಡಿನ ಆಚೆಗೆ ಕಾಲುವೆಯ ಬಾಯಿಗೆ ತುರುಕಿ. ದಾರದ ಇನ್ನೊಂದು ತುದಿಯನ್ನು ಹೊರಗೆ ಕಣ್ಣಿಗೆ ಕಾಣುವಂತೆ ಟೇಪಿನಿಂದ ಅಂಟಿಸಿಡಿ. ಬಟ್ಟೆಯನ್ನು ಒಳಗೇ ಮರೆತು ಎಂಜಿನ್ ಜೋಡಿಸದಿರಲು ದಾರಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಥ್ರೆಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಬ್ರೇಕ್ ಕ್ಲೀನರಿನಿಂದ ಉಜ್ಜಿ. ಸಿಂಪಡಿಸುವುದು ಬ್ರಷ್ಷಿನ ಮೇಲೆ, ತೂತಿನೊಳಗೆ ಅಲ್ಲ. ಹಳೆಯ ಅಂಟು ಗಟ್ಟಿಯಾಗಿ ಕೂತಿದ್ದರೆ ಥ್ರೆಡ್ ಚೇಸರ್ ಬಳಸಿ. ಚೇಸರ್ ಥ್ರೆಡ್ಡನ್ನು ನೇರಗೊಳಿಸುತ್ತದೆ. ಕತ್ತರಿಸುವ ಟ್ಯಾಪ್ ಲೋಹವನ್ನೇ ಕೆತ್ತಿ ಇರುವ ಹಿಡಿತವನ್ನು ಇನ್ನೂ ಕಡಿಮೆ ಮಾಡುತ್ತದೆ. ಚೇಸರಿನ ತೋಡುಗಳಿಗೆ ಗ್ರೀಸ್ ತುಂಬಿಕೊಳ್ಳಿ, ಹುಡಿಯೆಲ್ಲ ಗ್ರೀಸಿಗೆ ಅಂಟುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಆಗಾಗ ಹೊರತೆಗೆದು ಒರೆಸಿ.

ಆಮೇಲೆ ಬಟ್ಟೆಯ ಬಿರಡೆಯನ್ನು ಹೊರಗೆಳೆದು ಅದರ ಮೇಲೆ ಏನು ಅಂಟಿದೆ ನೋಡಿ. ಕೊಳೆ ಕಂಡರೆ ಹೊಸ ಬಟ್ಟೆಯಿಂದ ಮತ್ತೊಮ್ಮೆ. ಕೊನೆಯ ಬಟ್ಟೆ ಬೆಳ್ಳಗೆ ಬರುವವರೆಗೂ ನಾನು ಮುಂದಕ್ಕೆ ಹೋಗುವುದಿಲ್ಲ. ಕೊನೆಗೆ ಅಸಿಟೋನ್ ತಾಕಿಸಿದ ಬಟ್ಟೆಯಿಂದ ಬ್ಲಾಕಿನ ಥ್ರೆಡ್ಡನ್ನೂ ನಿಪ್ಪಲನ್ನೂ ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಮೇಲಿನಿಂದ ಎಣ್ಣೆ ಜಿನುಗಿ ಥ್ರೆಡ್ ಮತ್ತೆ ಜಿಡ್ಡಾಗುವುದುಂಟು. ಹಾಗಿದ್ದರೆ ಕಾರನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು ಬೆಳಗ್ಗೆ ಮತ್ತೆ ಒರೆಸಿ.

ಬ್ಲಾಕಿನ ಥ್ರೆಡ್ಡೇ ಸವೆದಿದ್ದರೆ ಅಂಟಿನಿಂದ ಪರಿಹಾರವಿಲ್ಲ. ತೂತನ್ನು ಕೊರೆದು ಉಕ್ಕಿನ ಥ್ರೆಡ್ ಇನ್ಸರ್ಟ್ ಕೂರಿಸಬೇಕು. ಅದು ಬ್ಲಾಕಿನ ಮುಖಕ್ಕೆ ನೆಟ್ಟಗೆ, ಲಂಬವಾಗಿ ಬರಬೇಕಾದ ಕೆಲಸ. ಕೈಯಲ್ಲಿ ಹಿಡಿದ ಡ್ರಿಲ್ಲಿನಿಂದ ಮಲಗಿಕೊಂಡು ಮಾಡುವಂಥದ್ದಲ್ಲ, ಎಂಜಿನ್ ಕೆಲಸ ಬಲ್ಲ ಲೇತ್ ಕಾರ್ಯಾಗಾರಕ್ಕೆ ಒಪ್ಪಿಸಿ.

ಅಂಟು ಹಚ್ಚುವ ಮೊದಲು ಒಣ ಜೋಡಣೆ

ನಿಪ್ಪಲನ್ನು ಏನನ್ನೂ ಹಚ್ಚದೆ ಕೈಯಿಂದ ಒಳಗೆ ತಿರುಗಿಸಿ. ಕೊನೆಯವರೆಗೂ ತಡೆಯಿಲ್ಲದೆ ಹೋಗಿ, ತನ್ನ ಭುಜದ ಮೇಲೆ ಅಥವಾ ಥ್ರೆಡ್ ಮುಗಿಯುವಲ್ಲಿ ಗಟ್ಟಿಯಾಗಿ ನಿಲ್ಲಬೇಕು. ನಡುವೆ ಎಲ್ಲೋ ತೇಲುತ್ತಾ ನಿಂತರೆ ಯಾವ ಅಂಟೂ ಅದನ್ನು ಬಹುಕಾಲ ಹಿಡಿಯುವುದಿಲ್ಲ. ಹೊರಗೆ ಚಾಚಿದ ಉದ್ದ ನೀವು ಬರೆದಿಟ್ಟುಕೊಂಡ ಅಳತೆಗಿಂತ ತುಸು ಕಡಿಮೆ ಬರಬಹುದು, ಏಕೆಂದರೆ ಮೊದಲು ಅದು ಸಡಿಲವಾಗಿ ಹೊರಗೆ ಸರಿದಿತ್ತು. ಎರಡು ತುದಿಗಳ ಥ್ರೆಡ್ ಉದ್ದ ಬೇರೆ ಬೇರೆ ಇದ್ದರೆ ಯಾವ ತುದಿ ಒಳಗೆ ಹೋಗಬೇಕು ಎಂಬುದನ್ನು ಕೈಪಿಡಿಯಲ್ಲಿ ನೋಡಿ. ತಿರುಗುಮುರುಗಾಗಿ ಹಾಕಿದ ನಿಪ್ಪಲುಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಈಗ ಹೊಸ ಫಿಲ್ಟರನ್ನು ತಿರುಗಿಸುತ್ತಾ ಸುತ್ತು ಎಣಿಸಿ. ಥ್ರೆಡ್ ಹಿಡಿದ ಕ್ಷಣದಿಂದ ಗ್ಯಾಸ್ಕೆಟ್ ತಗುಲುವವರೆಗೆ ನಾಲ್ಕು, ಐದು ಪೂರ್ತಿ ಸುತ್ತು ಸಿಕ್ಕರೆ ನನಗೆ ಸಮಾಧಾನ. ಎರಡೇ ಸುತ್ತಿಗೆ ತಗುಲಿದರೆ ನಿಪ್ಪಲ್ ಗಿಡ್ಡ. ಗ್ಯಾಸ್ಕೆಟ್ ತಗುಲುವ ಮೊದಲೇ ಫಿಲ್ಟರ್ ಗಟ್ಟಿಯಾಗಿ ನಿಂತರೆ ನಿಪ್ಪಲ್ ಉದ್ದ, ಫಿಲ್ಟರಿನ ಒಳಗೆ ಏನಕ್ಕೋ ಒತ್ತುತ್ತಿದೆ. ಎರಡೂ ಅಪಾಯವೇ. ಎರಡೂ ಸಂದರ್ಭದಲ್ಲಿ ಅಲ್ಲಿಗೇ ನಿಲ್ಲಿಸಿ ಸರಿಯಾದ ನಿಪ್ಪಲ್ ಹುಡುಕಿ.

ಥ್ರೆಡ್‌ಲಾಕರ್ ಮತ್ತು ಬಿಗಿತ

ಥ್ರೆಡ್ಡನ್ನು ಹಿಡಿದಿಡುವ ಈ ದ್ರವವನ್ನು ಅಮೆರಿಕದ ರಸಾಯನಶಾಸ್ತ್ರಜ್ಞ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದರು. ಅದರ ಗುಣ ವಿಶೇಷವಾದದ್ದು: ಗಾಳಿ ಇರುವಲ್ಲಿ ದ್ರವವಾಗಿಯೇ ಇರುತ್ತದೆ, ಗಾಳಿ ಇಲ್ಲದ ಬಿಗಿಯಾದ ಸಂದಿನಲ್ಲಿ ಲೋಹ ತಾಗಿದಾಗ ಗಟ್ಟಿಯಾಗುತ್ತದೆ. ಅದಕ್ಕೇ ಹೊಸ ಬಾಟಲಿಯೂ ಪೂರ್ತಿ ತುಂಬಿರುವುದಿಲ್ಲ, ಒಳಗೆ ಗಾಳಿಗೆಂದು ಜಾಗ ಬಿಟ್ಟಿರುತ್ತಾರೆ. ನಮಗೆ ಇದರಿಂದ ಒಂದು ಲಾಭವಿದೆ. ಥ್ರೆಡ್ಡಿನಿಂದ ಹೊರಗೆ ಉಳಿದದ್ದು ಸಿಲಿಕೋನಿನಂತೆ ರಬ್ಬರ್ ಚೂರಾಗಿ ಕಳಚಿ ಬೀಳುವುದಿಲ್ಲ.

ಯಾವ ಬಲದ್ದು? ನನ್ನ ಆಯ್ಕೆ ಮಧ್ಯಮ ಬಲದ, ಅಲ್ಪಸ್ವಲ್ಪ ಜಿಡ್ಡನ್ನು ತಾಳುವ ಬಗೆ. ಲಾಕ್‌ಟೈಟ್ 243 ಅಂಥದ್ದು. 19 ಮಿ.ಮೀ. ವ್ಯಾಸದ ಥ್ರೆಡ್ಡಿನಲ್ಲಿ ಅಂಟು ಹಿಡಿಯುವ ಮೇಲ್ಮೈ ದೊಡ್ಡದು, ಆದ್ದರಿಂದ ಮಧ್ಯಮ ಬಲವೇ ಫಿಲ್ಟರ್ ಬಿಚ್ಚುವ ಬಲಕ್ಕಿಂತ ಮೇಲಿರುತ್ತದೆ. ಹೆಚ್ಚು ಬಲದ್ದನ್ನು ಹಾಕಿದರೆ ಮುಂದೆ ಬಿಚ್ಚಲು ಆ ಜಾಗವನ್ನು 250 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾಯಿಸಬೇಕಾಗುತ್ತದೆ. ಎಣ್ಣೆ ಮೆತ್ತಿದ ಎಂಜಿನ್ನಿನ ಪಕ್ಕ ಜ್ವಾಲೆ ಹಿಡಿಯುವ ಆಸೆ ನನಗಿಲ್ಲ. ನೀಲಿ ಎಂದರೆ ಮಧ್ಯಮ, ಕೆಂಪು ಎಂದರೆ ಹೆಚ್ಚು ಎಂಬ ರೂಢಿ ಇದ್ದರೂ ಎಲ್ಲ ತಯಾರಕರೂ ಅದನ್ನು ಪಾಲಿಸುವುದಿಲ್ಲ; ಬಾಟಲಿಯ ಮೇಲಿನ ಬರಹವನ್ನು ಓದಿ. ಅದು ತಾಳುವ ಉಷ್ಣತೆ 150 ಡಿಗ್ರಿಯಾದರೂ ಇರಲಿ.

ಬ್ಲಾಕಿನೊಳಗೆ ಹೋಗುವ ತುದಿಗೆ ಮಾತ್ರ ಹಚ್ಚಿ. ಒಳತುದಿಯ ಮೊದಲ ಎರಡು ಸುತ್ತನ್ನು ಖಾಲಿ ಬಿಟ್ಟು, ಅದರಾಚೆಗೆ ಎರಡು ಮೂರು ಹನಿ ಹಾಕಿ ಸುತ್ತಲೂ ಹರಡಿ. ಹೀಗೆ ಮಾಡಿದರೆ ತಿರುಗಿಸುವಾಗ ಹೆಚ್ಚಾದದ್ದು ಕಾಲುವೆಯ ಕಡೆ ಹೋಗದೆ ಹೊರಗೆ ಬರುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ನಿಪ್ಪಲನ್ನು ಕೈಯಿಂದ ಕೂರಿಸಿ, ಅಲೆನ್ ಕೀ ಅಥವಾ ಜೋಡಿ ನಟ್ಟಿನ ಮೇಲೆ ಟಾರ್ಕ್ ರೆಂಚ್ ಹಾಕಿ, ನಿಮ್ಮ ಎಂಜಿನ್ನಿನ ಕೈಪಿಡಿ ಹೇಳುವ ಬಿಗಿತಕ್ಕೆ ತನ್ನಿ. ಒಂದು ಎಂಜಿನ್ನಿನ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ, ಎರವಲು ತರಬೇಡಿ. ಬೀಡು ಕಬ್ಬಿಣದ ಬ್ಲಾಕ್ ಒಂದಿಷ್ಟು ತಾಳಿಕೊಂಡರೂ ಅಲ್ಯೂಮಿನಿಯಂ ಕ್ಷಮಿಸುವುದಿಲ್ಲ. ಹೊರಗೆ ಒಸರಿದ್ದನ್ನು ಒರೆಸಿ. ಜೋಡಿ ನಟ್ಟುಗಳನ್ನು ತೆಗೆಯುವಾಗ ಒಳಗಿನ ನಟ್ಟನ್ನು ಸ್ಪ್ಯಾನರಿನಿಂದ ಕದಲದಂತೆ ಹಿಡಿದು ಹೊರಗಿನದನ್ನು ಬಿಡಿಸಿ, ಇಲ್ಲದಿದ್ದರೆ ಈಗಷ್ಟೇ ಕೂರಿಸಿದ ನಿಪ್ಪಲ್ ಜೊತೆಗೇ ತಿರುಗಿಬಿಡುತ್ತದೆ.

ಆಮೇಲೆ ಮುಟ್ಟಬೇಡಿ. ಅರ್ಧ ಗಂಟೆಯೊಳಗೆ ಅಂಟು ಹಿಡಿದಂತೆ ಕಂಡರೂ ಪೂರ್ಣ ಬಲ ಬರಲು 24 ಗಂಟೆ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ಗಟ್ಟಿಯಾದ ಮೇಲೆ ‘ಇನ್ನೊಂದಿಷ್ಟು ಬಿಗಿಯೋಣ’ ಎಂದು ತಿರುಗಿಸಿದರೆ ಅಂಟು ಒಡೆಯುತ್ತದೆ, ಕೆಲಸವೆಲ್ಲ ಮೊದಲಿನಿಂದ.

ಬೋಲ್ಟ್ ಹಾಕಿದ ತಟ್ಟೆಯಾದರೆ

ಇಲ್ಲಿ ತೊಂದರೆಯ ಮೂಲ ಬಹುತೇಕ ಗ್ಯಾಸ್ಕೆಟ್. ಕಾಗದದ ಗ್ಯಾಸ್ಕೆಟ್ ದಶಕಗಳ ಬಿಸಿಗೆ ಕುಗ್ಗಿ ತೆಳುವಾಗುತ್ತದೆ, ಬೋಲ್ಟಿನ ಬಿಗಿ ತಾನಾಗಿ ಕಳೆದುಹೋಗುತ್ತದೆ. ಹಳೆಯ ಗ್ಯಾಸ್ಕೆಟ್ಟಿನ ಮೇಲೆಯೇ ಬೋಲ್ಟ್ ತಿರುಗಿಸಿದರೆ ಕೆಲವು ದಿನ ಸೋರಿಕೆ ನಿಲ್ಲಬಹುದು, ಅಷ್ಟೇ.

ತಟ್ಟೆಯನ್ನು ಬಿಚ್ಚಿ ಎರಡೂ ಮುಖಗಳನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು ಸ್ವಚ್ಛಗೊಳಿಸಿ. ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ತಟ್ಟೆಯ ಮೇಲೆ ಅಡ್ಡಡ್ಡ ಇಟ್ಟು, ಕೆಳಗೆ ತೆಳು ಫೀಲರ್ ಗೇಜ್ ತೂರುತ್ತದೆಯೇ ನೋಡಿ. ಅತಿಯಾಗಿ ಬಿಗಿದ ತಟ್ಟೆ ಬೋಲ್ಟಿನ ತೂತುಗಳ ಸುತ್ತ ಉಬ್ಬಿರುತ್ತದೆ. ಉಬ್ಬು ಅಲ್ಪವಾದರೆ ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಎಣ್ಣೆ ಬಿಟ್ಟು, ತಟ್ಟೆಯನ್ನು ಎಂಟರ ಆಕಾರದಲ್ಲಿ ಉಜ್ಜಿ ಸಮಗೊಳಿಸಬಹುದು. ಅನಂತರ ಬಿಸಿ ಸೋಪು ನೀರಲ್ಲಿ ತೊಳೆದು, ಪ್ರತಿ ತೂತಿಗೂ ಗಾಳಿ ಊದಿ. ಬೈಪಾಸ್ ವಾಲ್ವನ್ನು ಮರದ ಕಡ್ಡಿಯಿಂದ ಒತ್ತಿ ಬಿಡಿ. ಮೆಲ್ಲನೆ ಹೋಗಿ ತಟ್ಟನೆ ಮರಳಬೇಕು. ಸಿಕ್ಕಿಕೊಂಡರೆ ಅಥವಾ ಬಿರುಕಿದ್ದರೆ ಬದಲಿಸಿ.

ಬೋಲ್ಟ್ ತೂತಿನ ತಳದಲ್ಲಿ ಎಣ್ಣೆ ಅಥವಾ ಕೊಳೆ ತುಂಬಿದ್ದರೆ ಬೋಲ್ಟ್ ತಳ ಮುಟ್ಟಿ ಬಿಗಿಯಾದಂತೆ ತೋರುತ್ತದೆ, ತಟ್ಟೆ ಮಾತ್ರ ಸಡಿಲವಾಗಿಯೇ ಇರುತ್ತದೆ. ಗ್ಯಾಸ್ಕೆಟ್ ಇಲ್ಲದೆ ಒಮ್ಮೆ ಬೋಲ್ಟನ್ನು ಕೈಯಿಂದ ತಿರುಗಿಸಿ, ತಲೆ ತಟ್ಟೆಗೆ ತಾಗಿ ಕೂರುತ್ತದೆಯೇ ಎಂದು ನೋಡಿಕೊಳ್ಳಿ. ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಎಂ8 ಅಥವಾ 5/16 ಅಂಗುಲದ ಬೋಲ್ಟುಗಳಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಆಗುತ್ತದೆ, ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಥ್ರೆಡ್‌ಲಾಕರ್ ಹಾಕದೆ ಕಾಗದದ ಗ್ಯಾಸ್ಕೆಟ್ ಬಳಸಿದ್ದರೆ ಎಂಜಿನ್ ಒಮ್ಮೆ ಬಿಸಿಯಾಗಿ ತಣಿದ ಮೇಲೆ ಮತ್ತೊಮ್ಮೆ ಅದೇ ಬಿಗಿತಕ್ಕೆ ನೋಡಬೇಕು.

ಸ್ಯಾಂಡ್‌ವಿಚ್ ಪ್ಲೇಟಿನ ವಿಷಯ ಚಿಕ್ಕದು. ಅದರ ನಡುವಿನ ಟೊಳ್ಳು ಬೋಲ್ಟನ್ನು ಬಿಗಿಯುವಾಗ ಪ್ಲೇಟ್ ತಿರುಗದಂತೆ ಒಂದು ಕೈಯಲ್ಲಿ ಹಿಡಿಯಿರಿ, ಓ-ರಿಂಗ್ ಹೊಸದಿರಲಿ, ಕೊಳವೆಗಳು ಪ್ಲೇಟನ್ನು ಎಳೆಯದಂತೆ ಸಡಿಲವಾಗಿರಲಿ. ಒಂದರ ಮೇಲೊಂದು ಎರಡು ಪ್ಲೇಟ್ ಹಾಕಿ ಮೂಗಿಗಿಂತ ಮೂಗುತಿ ಭಾರ ಮಾಡಬೇಡಿ. ಪ್ರತಿಯೊಂದು ಕೂಡುವ ಜಾಗವೂ ಸೋರುವ ಇನ್ನೊಂದು ಜಾಗ.

ಫಿಲ್ಟರ್ ಹಾಕಿ ಎಂಜಿನ್ ಹೊತ್ತಿಸುವುದು

ಮೊದಲು ಹಳೆಯ ಫಿಲ್ಟರಿನ ರಬ್ಬರ್ ಗ್ಯಾಸ್ಕೆಟ್ ಬ್ಲಾಕಿಗೆ ಅಂಟಿ ಉಳಿದಿಲ್ಲ ಎಂದು ಬೆರಳಾಡಿಸಿ ನೋಡಿ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಕೂತರೆ ಒತ್ತಡ ಬಂದ ಕೂಡಲೇ ಜಾರಿ ಎಣ್ಣೆಯೆಲ್ಲ ಹೊರಗೆ. ಹೊಸ ಗ್ಯಾಸ್ಕೆಟ್ಟಿಗೆ ಶುದ್ಧ ಎಣ್ಣೆ ಸವರಿ, ಅದು ತಗುಲಿದ ಮೇಲೆ ಕೈಯಿಂದಲೇ ಮುಕ್ಕಾಲಿನಿಂದ ಒಂದು ಸುತ್ತು. ಫಿಲ್ಟರಿನ ಮೇಲೆ ಬೇರೆ ಸೂಚನೆ ಇದ್ದರೆ ಅದರಂತೆ. ಈ ಎಣ್ಣೆ ಸವರುವ ಅಭ್ಯಾಸ ಒಂದಿದ್ದರೆ ಮುಂದಿನ ಸಲ ಫಿಲ್ಟರ್ ನಿಪ್ಪಲನ್ನು ಎಳೆದುಕೊಂಡು ಬರುವುದಿಲ್ಲ.

ಎಣ್ಣೆ ತುಂಬಿ, ಬ್ಯಾಟರಿ ಜೋಡಿಸಿ. ಇಗ್ನಿಷನ್ ಕಾಯಿಲಿಗೆ ವಿದ್ಯುತ್ ಕೊಡುವ ಸಣ್ಣ ತಂತಿಯನ್ನು ಕಳಚಿ, ಎಂಜಿನ್ ಹೊತ್ತದಂತೆ ಸ್ಟಾರ್ಟರನ್ನು ಹತ್ತು ಸೆಕೆಂಡು ತಿರುಗಿಸಿ, ಬಿಡುವು ಕೊಟ್ಟು, ಮತ್ತೆ ತಿರುಗಿಸಿ. ಒತ್ತಡದ ಮುಳ್ಳು ಕದಲಿದ ಮೇಲೆಯೇ ತಂತಿ ಹಾಕಿ ಹೊತ್ತಿಸಿ. ಒಬ್ಬರು ಒಳಗೆ ಕೂತು ಮುಳ್ಳನ್ನೂ, ಇನ್ನೊಬ್ಬರು ಹೊರಗಿನಿಂದ ಟಾರ್ಚಿನಲ್ಲಿ ಫಿಲ್ಟರನ್ನೂ ನೋಡುತ್ತಿದ್ದರೆ ಒಳಿತು. ಸೋರಿದ ಎಣ್ಣೆ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಬಿದ್ದರೆ ಬೆಂಕಿ ಹತ್ತಬಹುದು, ಕೈಗೆಟಕುವಂತೆ ಒಂದು ಅಗ್ನಿಶಾಮಕ ಇಟ್ಟುಕೊಳ್ಳಿ. ಒತ್ತಡ ಬರದಿದ್ದರೆ ಅಥವಾ ಬಂದು ಕುಸಿದರೆ ಆ ಕ್ಷಣವೇ ನಿಲ್ಲಿಸಿ.

ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಲಿ. ನಿಲ್ಲಿಸಿ, ಎಣ್ಣೆ ಇಳಿಯಲು ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಫಿಲ್ಟರ್ ತನ್ನ ಪಾಲಿನ ಎಣ್ಣೆ ಕುಡಿದಿರುತ್ತದೆ, ಕಡಿಮೆಯಾದಷ್ಟನ್ನು ತುಂಬಿ. ಫಿಲ್ಟರಿನ ಮೇಲೂ ಬ್ಲಾಕಿನ ಮೇಲೂ ಹಾಯುವಂತೆ ಬಣ್ಣದ ಪೆನ್ನಿನಿಂದ ಒಂದೇ ನೇರ ಗೆರೆ ಎಳೆದಿಡಿ. ರಾತ್ರಿ ಫಿಲ್ಟರಿನ ಕೆಳಗೆ ಒಂದು ಬಿಳಿ ರಟ್ಟು ಹಾಸಿ. ಬೆಳಗ್ಗೆ ತಣ್ಣಗಿರುವ ಎಂಜಿನ್ನನ್ನು ಹೊತ್ತಿಸಿ, ಒತ್ತಡ ಎಲ್ಲಕ್ಕಿಂತ ಹೆಚ್ಚಿರುವ ಆ ಮೊದಲ ಅರ್ಧ ನಿಮಿಷ ಕೆಳಗೆ ಬಗ್ಗಿ ನೋಡಿ. ಗೆರೆಯ ಎರಡು ತುಂಡುಗಳು ನೇರವಾಗಿಯೇ ಇದ್ದು, ರಟ್ಟು ಬೆಳ್ಳಗೆ ಉಳಿದಿದ್ದರೆ ಕಾರನ್ನು ರಸ್ತೆಗೆ ತೆಗೆಯಬಹುದು. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಗೆರೆ ನೋಡಿ.